ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಡಿಜಿಟಲ್ ತಂತ್ರಜ್ಞಾನದ ತೊಡಕುಗಳು: ಜಾವಗಲ್ ಹೋಬಳಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪ್ರಸ್ತಾವನೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಜಾವಗಲ್ ಒಂದು. ಬಾಣಾವರ ಮತ್ತು ಹಳೇಬೀಡುಗಳ ನಡುವೆ ಇರುವ ಈ ಊರು ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯದಿಂದಾಗಿ ವಿದ್ವಾಂಸರಿಗೂ, ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥ್ ಅವರ ಹೆಸರಿನಿಂದಾಗಿ ಜನಸಾಮಾನ್ಯರಿಗೂ ಪರಿಚಿತವಾಗಿದೆ. ತೆಂಗು ಮತ್ತು ರಾಗಿಯನ್ನು ನೆಚ್ಚಿಕೊಂಡ, ಮಳೆಯನ್ನೇ ಕಾಯುವ ಬಯಲುಸೀಮೆಯ ಬದುಕು ಇಲ್ಲಿನದು. ಇದೇ ಜಿಲ್ಲೆಯ ಕೇಂದ್ರಸ್ಥಳವಾದ ಹಾಸನದಲ್ಲಿ 1982ರಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. ಶಿಕ್ಷಣಕ್ಕೆಂದೇ ಮೀಸಲಾಗಿ 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹವನ್ನು ಅದರ ಕಕ್ಷೆಯಲ್ಲಿ ನೆಲೆಗೊಳಿಸಿದ್ದು ಈ ಕೇಂದ್ರವೇ.

ಆಕಾಶದಲ್ಲಿರುವ ಉಪಗ್ರಹದೊಡನೆ ಹಗಲಿರುಳೂ ಸಂವಾದ ನಡೆಸುವ ಸಾಮರ್ಥ್ಯವುಳ್ಳ ಜಿಲ್ಲೆಯಲ್ಲಿ, ಹೋಬಳಿ ಮಟ್ಟದ ಒಬ್ಬ ಇಂಗ್ಲಿಷ್ ಶಿಕ್ಷಕಿ ತಾನಾಡಿದ ಮಾತು ಸರಿಯೇ ಎಂದು ಯಾರನ್ನು ಕೇಳಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂಗ್ಲಿಷ್ ಭಾಷಾ ಶಿಕ್ಷಕರ ತರಬೇತಿಯಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆಗೆ ಎದುರಾಗುವ ತೊಡಕುಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಉಪಕರಣ, ವಿದ್ಯುತ್ತು ಮತ್ತು ಸಂಪರ್ಕಜಾಲಗಳ ಕೊರತೆಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಅವೆಲ್ಲ ಒದಗಿದ ಮೇಲೂ ಉಳಿಯುವ ತೊಡಕೊಂದಿದೆ. ತಂತ್ರಜ್ಞಾನವು ಶಿಕ್ಷಕರಿಗೆ ಹೇಳುವುದನ್ನು ಕಲಿಯಿತೇ ಹೊರತು ಅವರ ಮಾತನ್ನು ಕೇಳುವುದನ್ನು ಬಹುಕಾಲ ಕಲಿಯಲಿಲ್ಲ ಎಂಬುದೇ ಆ ತೊಡಕು. ಭಾಷೆಯ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ.

ಕಿವಿಯಿಂದ ಬಂದ ಇಂಗ್ಲಿಷು

ಅರಸೀಕೆರೆ ಸೀಮೆಗೆ ಇಂಗ್ಲಿಷ್ ಭಾಷೆ ಮೊದಲು ಬಂದದ್ದು ಪಠ್ಯಪುಸ್ತಕದ ಮೂಲಕ ಮಾತ್ರವಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಹಾಸನದ ಮೂಲಕ ಮೈಸೂರಿಗೆ ಹೋಗುವ ಮಾರ್ಗವೂ ಕೂಡುವ ಅರಸೀಕೆರೆಯು ರೈಲ್ವೆ ಜಂಕ್ಷನ್ ಆಗಿ ಬೆಳೆದ ಊರು. ಅಕ್ಷರ ಬಾರದ ಜನರ ನಾಲಗೆಯಲ್ಲಿಯೂ ‘ಟೇಸನ್ನು’, ‘ಗಾರ್ಡು’, ‘ಗೇಟು’, ‘ಸಿಗ್ನಲ್ಲು’, ‘ಲಾಟೀನು’ ಮೊದಲಾದ ಪದಗಳು ನೆಲೆಯೂರಿದವು. ವ್ಯಂಜನದಲ್ಲಿ ಕೊನೆಯಾಗುವ ಪದಕ್ಕೆ ಉಕಾರವನ್ನು ಸೇರಿಸುವುದು, ಪದಾದಿಯ ಒತ್ತಕ್ಷರವನ್ನು ಬಿಡಿಸಿ ನುಡಿಯುವುದು ಕನ್ನಡದ ಜಾಯಮಾನ. ಆ ಜಾಯಮಾನಕ್ಕೆ ತಕ್ಕಂತೆ ಜನರು ಪರಭಾಷೆಯ ಪದಗಳನ್ನು ತಿದ್ದಿಕೊಂಡರು. ಇದನ್ನು ಅಪಭ್ರಂಶವೆಂದು ಕಡೆಗಣಿಸುವಂತಿಲ್ಲ. ಕೇಳಿ, ಆಡಿ, ಎದುರಿನವರಿಗೆ ಅರ್ಥವಾಯಿತೆಂದು ಖಚಿತಪಡಿಸಿಕೊಂಡು ಮುಂದುವರಿಯುವ ಮೌಖಿಕ ಕಲಿಕೆಯ ಕ್ರಮ ಇದರಲ್ಲಿದೆ.

ಶಾಲೆಯ ಇಂಗ್ಲಿಷು ಇದಕ್ಕೆ ವಿರುದ್ಧವಾದ ದಾರಿಯಲ್ಲಿ ಬಂದಿತು. ಅದು ಕಣ್ಣಿನ ಮೂಲಕ ಬಂದ ಭಾಷೆ. ಅಕ್ಷರ, ಕಾಗುಣಿತ, ಅನುವಾದ, ವ್ಯಾಕರಣದ ಸೂತ್ರ, ಪ್ರಶ್ನೋತ್ತರದ ಕಂಠಪಾಠ ಎಂಬ ಕ್ರಮದಲ್ಲಿ ಅದನ್ನು ಕಲಿತವರೇ ಮುಂದೆ ಶಿಕ್ಷಕರಾದರು. ಇಂಗ್ಲಿಷಿನಲ್ಲಿ ಪದದ ಒಂದು ಭಾಗಕ್ಕೆ ಹೆಚ್ಚು ಒತ್ತು ಬೀಳುತ್ತದೆ. ‘ರೆಕಾರ್ಡ್’ ಎಂಬ ಪದದ ಮೊದಲ ಭಾಗಕ್ಕೆ ಒತ್ತು ಬಿದ್ದರೆ ನಾಮಪದ, ಎರಡನೆಯ ಭಾಗಕ್ಕೆ ಬಿದ್ದರೆ ಕ್ರಿಯಾಪದ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಮೈಸೂರು ಸೀಮೆಯ ಆಡುನುಡಿಯಲ್ಲಿ ಹಕಾರ ಲೋಪವಾಗುವುದೂ ಶಕಾರ ಸಕಾರವಾಗುವುದೂ ಸಹಜ. ಇಂಥ ವ್ಯತ್ಯಾಸಗಳನ್ನು ಪುಸ್ತಕವು ವಿವರಿಸಬಲ್ಲದು. ನಾಲಗೆಗೆ ಅಭ್ಯಾಸ ಮಾಡಿಸಲಾರದು. ಧ್ವನಿಮುದ್ರಿಕೆಯು ಕೇಳಿಸಬಲ್ಲದು, ತಿದ್ದಲಾರದು. ತಿದ್ದುವ ಕೆಲಸಕ್ಕೆ ಕೇಳುವ ಕಿವಿಯೊಂದು ಬೇಕಾಗುತ್ತದೆ.

ಹೊಣೆ ಮೊದಲು, ತರಬೇತಿ ಅನಂತರ

ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರನ್ನು ಸಿದ್ಧಗೊಳಿಸುವ ಉದ್ದೇಶದಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು 1963ರಲ್ಲಿ ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಸ್ಥಾಪನೆಗೊಂಡವು. ಅವುಗಳ ಕೆಳಗೆ ತಾಲ್ಲೂಕು ಮಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದವು. ಬೆಂಗಳೂರಿನಿಂದ ಹಾಸನಕ್ಕೆ, ಹಾಸನದಿಂದ ಅರಸೀಕೆರೆಗೆ, ಅಲ್ಲಿಂದ ಜಾವಗಲ್ಲಿಗೆ ತರಬೇತಿ ಇಳಿದುಬರಬೇಕಾದ ಮಾರ್ಗ ಇದು.

2007–08ನೆಯ ಸಾಲಿನಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಲಾಯಿತು. ಆಗ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿದ್ದ ಬಹುತೇಕ ಶಿಕ್ಷಕರು ಕನ್ನಡ ಮಾಧ್ಯಮದಲ್ಲಿ ಓದಿ, ಟಿ.ಸಿ.ಎಚ್. ತರಬೇತಿ ಪಡೆದು, ಎಲ್ಲ ವಿಷಯಗಳನ್ನೂ ಬೋಧಿಸಲು ನೇಮಕಗೊಂಡವರು. ಇಂಗ್ಲಿಷ್ ಬೋಧನೆಗೆಂದು ಬಂದವರಲ್ಲ. 2019–20ನೆಯ ಸಾಲಿನಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದಾಗ ಈ ಹೊಣೆ ಇನ್ನಷ್ಟು ಹೆಚ್ಚಿತು. ಭಾಷೆಯನ್ನು ಕಲಿಸುವುದರ ಜೊತೆಗೆ ಆ ಭಾಷೆಯಲ್ಲಿಯೇ ಗಣಿತವನ್ನೂ ಪರಿಸರ ಅಧ್ಯಯನವನ್ನೂ ಕಲಿಸಬೇಕಾಯಿತು. ತಮ್ಮ ಮಕ್ಕಳನ್ನು ಪಟ್ಟಣದ ಖಾಸಗಿ ಶಾಲೆಗೆ ಕಳುಹಿಸಲಾರದ ತಂದೆತಾಯಿಗಳ ಪಾಲಿಗೆ ಊರಿನ ಸರ್ಕಾರಿ ಶಾಲೆಯ ಶಿಕ್ಷಕಿಯೇ ಇಂಗ್ಲಿಷಿನ ಏಕೈಕ ಬಾಗಿಲು. ಆಕೆಯ ತರಬೇತಿಯಲ್ಲಿ ಉಂಟಾಗುವ ಕೊರತೆಯನ್ನು ಕೊನೆಗೆ ತುಂಬಬೇಕಾದವರು ಅವಳ ಎದುರಿಗೆ ಕುಳಿತ ಮಕ್ಕಳು.

ಹಂತ ಹಂತವಾಗಿ ಇಳಿಯುವ ತರಬೇತಿಯಲ್ಲಿ ಸೋರಿಕೆ ಹೆಚ್ಚು ಎಂಬುದು ಶಿಕ್ಷಣ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಮಾತು. ಕೆರೆಯ ತೂಬಿನ ಹತ್ತಿರದ ಗದ್ದೆಗೆ ಸಿಗುವಷ್ಟು ನೀರು ಕಾಲುವೆಯ ತುದಿಯ ಗದ್ದೆಗೆ ಸಿಗುವುದಿಲ್ಲ. ವಿಷಯಜ್ಞಾನದ ತರಬೇತಿಯಲ್ಲಿ ಸೋರಿದ್ದನ್ನು ಕೈಪಿಡಿಯ ಮೂಲಕ ಒಂದಿಷ್ಟು ಸರಿದೂಗಿಸಬಹುದು. ಭಾಷೆಯ ತರಬೇತಿಯಲ್ಲಿ ಸೋರುವುದು ಧ್ವನಿ. ಅದನ್ನು ಕೈಪಿಡಿ ತುಂಬಿಕೊಡಲಾರದು. ಮಧ್ಯದ ಹಂತಗಳನ್ನು ದಾಟಿ ಮೂಲ ಧ್ವನಿಯನ್ನೇ ತುದಿಯ ಶಾಲೆಗೆ ತಲುಪಿಸಬಹುದು ಎಂಬ ಭರವಸೆಯಿಂದಲೇ ತಂತ್ರಜ್ಞಾನದ ಕಡೆಗೆ ಎಲ್ಲರ ದೃಷ್ಟಿ ಹರಿಯಿತು. ಆ ಭರವಸೆ ನಿರಾಧಾರವಾದುದಾಗಿರಲಿಲ್ಲ.

ಯಂತ್ರ ಬಂದ ಬಗೆ

ಉಪಗ್ರಹದ ಮೂಲಕ ಶಿಕ್ಷಕರ ತರಬೇತಿಯ ಪ್ರಯೋಗ ಭಾರತಕ್ಕೆ ಹೊಸತಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಯೋಜನೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿದ್ದವು. ಈ ಯೋಜನೆಯ ಅಂಗವಾಗಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ಇಲ್ಲಿ ದೂರದರ್ಶನದ ಕಾರ್ಯಕ್ರಮವನ್ನು ಮಾತ್ರ ನಂಬಿಕೊಳ್ಳದೆ ರೇಡಿಯೊ, ಮುದ್ರಿತ ಸಾಮಗ್ರಿ, ಕೈಯಾರೆ ಮಾಡುವ ಚಟುವಟಿಕೆ ಮತ್ತು ಗುಂಪುಚರ್ಚೆಗಳನ್ನು ಜೋಡಿಸಲಾಗಿತ್ತು ಎಂಬುದು ಗಮನಾರ್ಹ. ಪರದೆ ಮುಗಿದಲ್ಲಿ ಮಾತು ಆರಂಭವಾಗಬೇಕೆಂಬ ಅರಿವು ಆ ಕಾಲದಲ್ಲಿಯೇ ಇತ್ತು.

ಎಜುಸ್ಯಾಟ್ ಬಂದಾಗ ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಪ್ರಯೋಗಕ್ಕೆ ಆರಿಸಿಕೊಳ್ಳಲಾಯಿತು. ಶಾಲೆಗಳಲ್ಲಿ ಅಳವಡಿಸಿದ ಉಪಕರಣಗಳು ಬಹುಮಟ್ಟಿಗೆ ಸ್ವೀಕರಿಸಲು ಮಾತ್ರ ಶಕ್ತವಾಗಿದ್ದವು. ಅಲ್ಲಿಂದ ಮರಳಿ ಪ್ರಶ್ನೆ ಕೇಳುವ ಸೌಲಭ್ಯ ಇರಲಿಲ್ಲ. 2010ರಲ್ಲಿ ಎಜುಸ್ಯಾಟ್ ತನ್ನ ಸೇವೆಯನ್ನು ಮುಗಿಸಿತು.

ಭೂಮಿಯ ಮೇಲಿನ ಯಂತ್ರಗಳ ಕಥೆ ಬೇರೆ ಬಗೆಯದು. 2001ರ ಸುಮಾರಿಗೆ ಆರಂಭವಾದ ಮಾಹಿತಿ ಸಿಂಧು ಯೋಜನೆ, ಅನಂತರ 2004ರ ಕೇಂದ್ರ ಯೋಜನೆಯ ಬೆಂಬಲದಿಂದ ವಿಸ್ತರಿಸಿದ ಶಾಲಾ ಕಂಪ್ಯೂಟರ್ ಕಾರ್ಯಕ್ರಮಗಳು ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿಗಳನ್ನು ತಂದವು. ಖಾಸಗಿ ಸಂಸ್ಥೆಗಳು ಯಂತ್ರಗಳನ್ನು ಅಳವಡಿಸಿ, ಬೋಧಕರನ್ನು ನೇಮಿಸಿ, ಗೊತ್ತಾದ ಅವಧಿಯ ನಂತರ ಶಾಲೆಗೆ ಹಸ್ತಾಂತರಿಸುವ ಗುತ್ತಿಗೆ ಪದ್ಧತಿ ಇದರಲ್ಲಿ ಪ್ರಮುಖವಾಗಿತ್ತು. ಅವಧಿ ಮುಗಿದಾಗ ಬೋಧಕರು ಹೊರಟರು, ಹಳೆಯದಾದ ಯಂತ್ರಗಳು ಉಳಿದವು. ಕಂಪ್ಯೂಟರು ಒಂದು ಪ್ರತ್ಯೇಕ ವಿಷಯವೆಂದೂ ಅದು ಹೊರಗಿನಿಂದ ಬಂದವರ ಕೆಲಸವೆಂದೂ ಭಾವಿಸಲು ಈ ವ್ಯವಸ್ಥೆಯೇ ಎಡೆಮಾಡಿಕೊಟ್ಟಿತು. ಇಂಗ್ಲಿಷ್ ಶಿಕ್ಷಕರು ಆ ಕೊಠಡಿಯ ಹೊರಗೆ ಉಳಿದದ್ದು ಆಶ್ಚರ್ಯವಲ್ಲ.

ಈ ಪಾಠವನ್ನು ಅರಿತು, 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ವಿಷಯ ಶಿಕ್ಷಕರ ವೇದಿಕೆಯನ್ನು ರೂಪಿಸಿತು. ಶಿಕ್ಷಕರೇ ಮುಕ್ತ ಸಂಪನ್ಮೂಲಗಳನ್ನು ಸಿದ್ಧಪಡಿಸಿ ಹಂಚಿಕೊಳ್ಳುವುದು ಇದರ ಆಶಯ. 2016–17ರಿಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವು ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಕಂಪ್ಯೂಟರ್ ಬಳಕೆಯ ತರಬೇತಿ ನೀಡಿತು. ಪ್ರೌಢಶಾಲೆಗೆ ದೊರೆತ ಈ ಗಮನವು ಹೊಸದಾಗಿ ಇಂಗ್ಲಿಷಿನ ಹೊಣೆ ಹೊತ್ತ ಕಿರಿಯ ಪ್ರಾಥಮಿಕ ಶಾಲೆಗೆ ಅದೇ ಪ್ರಮಾಣದಲ್ಲಿ ದೊರೆಯಲಿಲ್ಲ.

ಹೊರಗಿನ ತೊಡಕು, ಒಳಗಿನ ತೊಡಕು

ಅಮೆರಿಕದ ಶಿಕ್ಷಣತಜ್ಞೆ ಪೆಗ್ಗಿ ಎರ್ಟ್ಮರ್ 1999ರಲ್ಲಿ ಈ ತೊಡಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಉಪಕರಣ, ಸಮಯ, ತರಬೇತಿ, ಸಹಾಯ ಇವುಗಳ ಕೊರತೆ ಮೊದಲ ಬಗೆಯದು. ಶಿಕ್ಷಕರ ನಂಬಿಕೆ, ಆತ್ಮವಿಶ್ವಾಸ ಮತ್ತು ರೂಢಿಯಾದ ಬೋಧನಾಕ್ರಮಗಳಿಗೆ ಸಂಬಂಧಿಸಿದ್ದು ಎರಡನೆಯ ಬಗೆಯದು. ಮೊದಲನೆಯದು ನಿವಾರಣೆಯಾದ ಮಾತ್ರಕ್ಕೆ ಎರಡನೆಯದು ತಾನಾಗಿ ನಿವಾರಣೆಯಾಗುವುದಿಲ್ಲ. ಯಂತ್ರಗಳಿಗೆ ಬರವಿಲ್ಲದ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಶಾಲೆಗಳಲ್ಲಿಯೂ ಕಂಪ್ಯೂಟರುಗಳ ಬಳಕೆ ವಿರಳವಾಗಿತ್ತೆಂದು ಲ್ಯಾರಿ ಕ್ಯೂಬನ್ 2001ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಇದು ಹಿಂದುಳಿದ ಊರುಗಳ ಸಮಸ್ಯೆ ಮಾತ್ರವೆಂದು ತಿಳಿಯಬೇಕಾಗಿಲ್ಲ.

ಹೊರಗಿನ ತೊಡಕುಗಳಲ್ಲಿ ಸಮಯದ ಪ್ರಶ್ನೆಗೆ ಸಾಕಷ್ಟು ಗಮನ ದೊರೆತಿಲ್ಲ. ಒಬ್ಬರು ಅಥವಾ ಇಬ್ಬರು ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಿಂದ ಒಬ್ಬರು ಹತ್ತು ದಿನಗಳ ತರಬೇತಿಗೆ ಹೊರಟರೆ ಶಾಲೆಯ ಅರ್ಧ ಅಥವಾ ಪೂರ್ಣ ಭಾಗ ಮುಚ್ಚಿದಂತೆಯೇ. ನಲಿ-ಕಲಿ ಕ್ರಮದಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕಲಿಯುವುದರಿಂದ, ಬೇರೊಬ್ಬರು ಬಂದು ಅದನ್ನು ನಿರ್ವಹಿಸುವುದೂ ಸುಲಭವಲ್ಲ. ಶಿಕ್ಷಕರು ಶಾಲೆಯನ್ನು ಬಿಡದೆಯೇ ಕಲಿಯಬಹುದು ಎಂಬುದು ಆನ್‌ಲೈನ್ ತರಬೇತಿಯ ದೊಡ್ಡ ಅನುಕೂಲವೆಂದು ಹೇಳಲಾಗುತ್ತದೆ. ಆದರೆ ಶಾಲೆಯಲ್ಲಿಯೇ ಇರುವ ಶಿಕ್ಷಕಿಗೆ ಮಕ್ಕಳು, ಬಿಸಿಯೂಟ, ದಾಖಲೆಗಳು, ಸಭೆಗಳು ಇದ್ದೇ ಇರುತ್ತವೆ. ತರಬೇತಿಗೆ ಹೋದವಳಿಗೆ ದೊರೆಯುವ ಬಿಡುವು ಫೋನಿನಲ್ಲಿ ತರಬೇತಿ ಪಡೆಯುವವಳಿಗೆ ದೊರೆಯುವುದಿಲ್ಲ. ಹೀಗಾಗಿ ತರಬೇತಿಯು ಶಾಲೆ ಬಿಟ್ಟ ಮೇಲಿನ ಹೊತ್ತಿಗೆ, ಅಂದರೆ ಮನೆಗೆಲಸದ ಹೊತ್ತಿಗೆ, ಸರಿಯುತ್ತದೆ. ಮಹಿಳೆಯರು ಗಣನೀಯ ಸಂಖ್ಯೆಯಲ್ಲಿರುವ ಈ ವೃತ್ತಿಯಲ್ಲಿ ಇದರ ಭಾರ ಯಾರ ಮೇಲೆ ಬೀಳುತ್ತದೆಂದು ವಿವರಿಸಬೇಕಾಗಿಲ್ಲ.

2017ರ ಸೆಪ್ಟೆಂಬರ್ 5ರಂದು ದೀಕ್ಷಾ ಜಾಲತಾಣವು ಆರಂಭವಾಯಿತು. 2019ರಲ್ಲಿ ಮುಖಾಮುಖಿ ಕ್ರಮದಲ್ಲಿ ಶುರುವಾದ ನಿಷ್ಠಾ ತರಬೇತಿಯು ಕೋವಿಡ್ ಕಾರಣದಿಂದ 2020ರ ಅಕ್ಟೋಬರ್‌ನಲ್ಲಿ ಈ ತಾಣಕ್ಕೆ ವರ್ಗಾವಣೆಗೊಂಡು ಹದಿನೆಂಟು ಘಟಕಗಳಾಗಿ ದೇಶದಾದ್ಯಂತ ಶಿಕ್ಷಕರನ್ನು ತಲುಪಿತು. ವಿಡಿಯೊ ನೋಡುವುದು, ಪಠ್ಯ ಓದುವುದು, ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸುವುದು, ಪ್ರಮಾಣಪತ್ರ ಪಡೆಯುವುದು ಎಂಬುದು ಇಂಥ ತರಬೇತಿಯ ಸಾಮಾನ್ಯ ಕ್ರಮ. ಅಲ್ಪಕಾಲದಲ್ಲಿ ಲಕ್ಷಾಂತರ ಶಿಕ್ಷಕರನ್ನು ಒಳಗೊಂಡದ್ದು ಸಣ್ಣ ಸಾಧನೆಯಲ್ಲ. ಆದರೆ ಭಾಷಾ ಬೋಧನೆಯ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಬಾಯಿಬಿಟ್ಟು ಹೇಳದೆಯೇ ಇಂಥ ಘಟಕವನ್ನು ಪೂರೈಸಿ ಪ್ರಮಾಣಪತ್ರ ಪಡೆಯಬಹುದಾಗಿದೆ. ಪ್ರಮಾಣಪತ್ರವು ತರಬೇತಿ ತಲುಪಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಮಾತು ಬಂದಿತೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಒಳಗಿನ ತೊಡಕುಗಳಲ್ಲಿ ಮುಖ್ಯವಾದುದು ಸಂಕೋಚ. ಗಣಿತದಲ್ಲಿ ತಪ್ಪಿದ ಶಿಕ್ಷಕರು ಅದನ್ನು ಅಳಿಸಿ ತಿದ್ದಬಹುದು. ಇಂಗ್ಲಿಷ್ ಮಾತಿನಲ್ಲಿ ತಪ್ಪಿದಾಗ ವ್ಯಕ್ತಿಯ ಹುಟ್ಟು, ಊರು, ಓದು ಎಲ್ಲವೂ ಬಯಲಾದಂತೆ ಭಾಸವಾಗುತ್ತದೆ. ನಗರದ ಉಚ್ಚಾರಣೆಯ ವಿಡಿಯೊ ಮಾದರಿಗಳು ಈ ಸಂಕೋಚವನ್ನು ಕೆಲವೊಮ್ಮೆ ಹೆಚ್ಚಿಸುತ್ತವೆ. ಪರದೆಯ ಮೇಲಿನ ಶಿಕ್ಷಕಿ ಎಂದೂ ತಡವರಿಸುವುದಿಲ್ಲ. ಅವಳ ಮುಂದಿನ ಮಕ್ಕಳು ಎಂದೂ ಗದ್ದಲ ಮಾಡುವುದಿಲ್ಲ. ತಡವರಿಸುವ ಶಿಕ್ಷಕಿ ಅದನ್ನು ನೋಡಿ ಮೌನವಾಗುತ್ತಾಳೆ. ತರಗತಿಯಲ್ಲಿ ಯಂತ್ರವನ್ನು ಚಾಲೂ ಮಾಡಿ ತಾನು ಪಕ್ಕಕ್ಕೆ ನಿಲ್ಲುವುದು ಆಕೆಗೆ ಸುರಕ್ಷಿತವೆನಿಸುತ್ತದೆ. ಮೇಲುನೋಟಕ್ಕೆ ಇದು ತಂತ್ರಜ್ಞಾನದ ಬಳಕೆ. ವಸ್ತುತಃ ಶಿಕ್ಷಕಿಯ ಧ್ವನಿ ತರಗತಿಯಿಂದ ಹಿಂದೆ ಸರಿದದ್ದರ ಗುರುತು.

ಮೌಖಿಕ ಪರಂಪರೆಯ ಪಾಠ

ಕಲಿಕೆಯಲ್ಲಿ ಕೇಳುವವರ ಪಾತ್ರವೇನು ಎಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನಗಳಿವೆ. ಮದುವೆಯ ಮನೆಯಲ್ಲಿ ಸೋಬಾನೆ ಪದ ಹೇಳುವಾಗ ಹಿರಿಯ ಹೆಂಗಸು ಒಂದು ಸೊಲ್ಲನ್ನು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿದು ಹಾಡುತ್ತಾರೆ. ಕಿರಿಯ ಹೆಣ್ಣುಮಗಳು ಮೊದಲು ಗುಂಪಿನೊಳಗೆ ಮೆಲುದನಿಯಲ್ಲಿ ಸೇರುತ್ತಾಳೆ. ತಪ್ಪಿದರೆ ಪಕ್ಕದವಳ ದನಿ ಅವಳನ್ನು ತಿದ್ದುತ್ತದೆ. ಸಭೆಯ ಮುಂದೆ ಅವಮಾನವಾಗುವುದಿಲ್ಲ. ಹಲವು ಮದುವೆಗಳನ್ನು ದಾಟಿದ ಮೇಲೆ ಅವಳೇ ಸೊಲ್ಲೆತ್ತುತ್ತಾಳೆ. ಅರಸೀಕೆರೆ–ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿಯೂ ಭಾಗವತರು ಹಾಡಿದ್ದನ್ನು ಹಿಮ್ಮೇಳದವರು ಮರಳಿ ಹಾಡುತ್ತಾರೆ. ಹಿಮ್ಮೇಳದಲ್ಲಿ ನಿಂತು ಕೇಳುತ್ತ, ಹಾಡುತ್ತ ಪ್ರಸಂಗ ಬಾಯಿಗೆ ಬರುತ್ತದೆ.

ಈ ಕ್ರಮದಲ್ಲಿ ಮೂರು ಅಂಶಗಳಿವೆ. ಮಾದರಿಯನ್ನು ಕೇಳುವುದು, ಗುಂಪಿನ ಆಸರೆಯಲ್ಲಿ ಮರಳಿ ನುಡಿಯುವುದು, ಹಿರಿಯರ ಕಿವಿಗೆ ಬಿದ್ದು ತಿದ್ದಿಸಿಕೊಳ್ಳುವುದು. ಇದುವರೆಗಿನ ಡಿಜಿಟಲ್ ತರಬೇತಿಯು ಮೊದಲನೆಯದನ್ನು ಸಮೃದ್ಧವಾಗಿ ಒದಗಿಸಿತು. ಉಳಿದ ಎರಡನ್ನು ಕೈಬಿಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಭಾಷೆಯ ಕಲಿಕೆಗೆ ಸಮೃದ್ಧವಾದ ಭಾಷಾ ಪರಿಸರ ಬೇಕೆಂದು ಒತ್ತಿಹೇಳಿದೆ. ಆ ಪರಿಸರವು ಮಕ್ಕಳಿಗೆ ಎಷ್ಟು ಅಗತ್ಯವೋ ಶಿಕ್ಷಕರಿಗೂ ಅಷ್ಟೇ ಅಗತ್ಯ.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಹಾಡಿನ ಸಾಲು ಮೊದಲೇ ಗೊತ್ತಾದುದು, ಸಂಭಾಷಣೆಯ ವಾಕ್ಯ ಆಗಷ್ಟೇ ಹುಟ್ಟಬೇಕಾದುದು. ಪುನರುಚ್ಚಾರದಿಂದ ಮಾತ್ರ ಭಾಷೆ ಬರುವುದಿಲ್ಲ. ಈ ಆಕ್ಷೇಪಣೆ ನ್ಯಾಯವಾದುದು. ಜನಪದ ಕಲಿಕೆಯನ್ನು ಯಥಾವತ್ತಾಗಿ ತರಬೇತಿಗೆ ತರಬೇಕೆಂಬುದು ಇಲ್ಲಿನ ವಾದವಲ್ಲ. ತಪ್ಪುವುದಕ್ಕೆ ಅವಕಾಶವಿರುವ, ತಪ್ಪನ್ನು ಆತ್ಮೀಯವಾಗಿ ಕೇಳಿಸಿಕೊಳ್ಳುವ ಒಂದು ಸಣ್ಣ ಗುಂಪು ಬೇಕೆಂಬುದಷ್ಟೇ ಅದರಿಂದ ಪಡೆಯಬೇಕಾದ ತಿಳಿವಳಿಕೆ.

ಇಂದು ಮೊಬೈಲ್ ಫೋನಿನ ತಂತ್ರಾಂಶಗಳು ಮಾತನ್ನು ಗುರುತಿಸಿ ಉತ್ತರಿಸಬಲ್ಲವು. ಕೃತಕ ಬುದ್ಧಿಮತ್ತೆಯ ಸಾಧನಗಳೊಡನೆ ಇಂಗ್ಲಿಷಿನಲ್ಲಿ ಸಂಭಾಷಿಸುವುದೂ ಸಾಧ್ಯವಾಗಿದೆ. ಯಾರೂ ನಗದ ಏಕಾಂತದಲ್ಲಿ ಅಭ್ಯಾಸ ಮಾಡಬಹುದೆಂಬುದು ಸಂಕೋಚದ ಶಿಕ್ಷಕರಿಗೆ ದೊಡ್ಡ ಅನುಕೂಲ. ಆದರೂ ಬೇರೆ ಭಾಷೆಯ ಛಾಯೆಯುಳ್ಳ ಉಚ್ಚಾರಣೆಯನ್ನು ಗುರುತಿಸುವಲ್ಲಿ ಇಂಥ ಸಾಧನಗಳು ಹೆಚ್ಚು ಎಡವುತ್ತವೆ. ಶಿಕ್ಷಕಿಯ ಮಾತು ನಿಜಕ್ಕೂ ತಪ್ಪೋ ಅಥವಾ ಯಂತ್ರಕ್ಕೆ ಅರ್ಥವಾಗಲಿಲ್ಲವೋ ಎಂಬುದನ್ನು ತಿಳಿಸಿಹೇಳಲು ಮತ್ತೆ ಮನುಷ್ಯರೇ ಬೇಕಾಗುತ್ತದೆ.

ಉಪಸಂಹಾರ

ಈ ವಿವೇಚನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳ ಒಂದು ಭಾಗವನ್ನು ಇಂಗ್ಲಿಷ್ ಸಂಭಾಷಣೆಗೆಂದೇ ಮೀಸಲಿಡಬಹುದು. ಶಿಕ್ಷಕರು ತಮ್ಮ ಪಾಠದ ಕೆಲವೇ ನಿಮಿಷಗಳನ್ನು ತಮ್ಮದೇ ಫೋನಿನಲ್ಲಿ ಧ್ವನಿಮುದ್ರಿಸಿ, ನಾಲ್ಕೈದು ಮಂದಿಯ ಗುಂಪಿನಲ್ಲಿ ಕೇಳಿ ಚರ್ಚಿಸಬಹುದು; ಇದಕ್ಕೆ ನಿರಂತರ ಇಂಟರ್‌ನೆಟ್ ಸಂಪರ್ಕವಾಗಲಿ ದುಬಾರಿ ಉಪಕರಣವಾಗಲಿ ಬೇಕಾಗಿಲ್ಲ. ಆ ಧ್ವನಿಮುದ್ರಣಗಳು ಮೌಲ್ಯಮಾಪನದ ದಾಖಲೆಯಾಗಿ ಮೇಲಧಿಕಾರಿಗಳಿಗೆ ಹೋಗಬಾರದು. ಹೋದರೆ ಸಂಕೋಚವು ಭಯವಾಗಿ ಮಾರ್ಪಡುತ್ತದೆ. ಡಯಟ್‌ನ ಸಂಪನ್ಮೂಲ ವ್ಯಕ್ತಿಗಳು ತಿಂಗಳಿಗೊಮ್ಮೆ ದೂರವಾಣಿಯ ಮೂಲಕವಾದರೂ ಇಂಥ ಗುಂಪಿನ ಮಾತನ್ನು ಆಲಿಸುವಂತಾಗಬೇಕು. ತರಬೇತಿಯ ಹೊತ್ತನ್ನು ಕೆಲಸದ ಹೊತ್ತೆಂದೇ ಪರಿಗಣಿಸಬೇಕು. ಮಾದರಿ ವಿಡಿಯೊಗಳಲ್ಲಿ ಬಹುವರ್ಗದ ಕೊಠಡಿ, ಗದ್ದಲದ ಮಕ್ಕಳು, ಕನ್ನಡದ ಛಾಯೆಯುಳ್ಳ ಸ್ಪಷ್ಟವಾದ ಇಂಗ್ಲಿಷು ಕಾಣಿಸಿಕೊಳ್ಳಬೇಕು.

ಒಟ್ಟಾರೆಯಾಗಿ, ಜಾವಗಲ್ಲಿನಂಥ ಹೋಬಳಿಯ ಶಾಲೆಗಳಿಗೆ ಯಂತ್ರಗಳೂ ಸಂಪರ್ಕವೂ ಬೇಕು. ಆ ಬೇಡಿಕೆಯನ್ನು ಸಡಿಲಿಸುವಂತಿಲ್ಲ. ಆದರೆ ಯಂತ್ರಗಳ ಸಂಖ್ಯೆಯನ್ನೋ ಪ್ರಮಾಣಪತ್ರಗಳ ಸಂಖ್ಯೆಯನ್ನೋ ಎಣಿಸಿ ತರಬೇತಿಯ ಯಶಸ್ಸನ್ನು ಅಳೆಯುವುದು ತಪ್ಪು ದಾರಿಗೆ ಎಳೆಯುತ್ತದೆ. ತರಬೇತಿಯ ಅವಧಿಯಲ್ಲಿ ಶಿಕ್ಷಕಿ ಎಷ್ಟು ಹೊತ್ತು ಮಾತನಾಡಿದಳು, ಅದನ್ನು ಯಾರು ಕೇಳಿದರು, ಕೇಳಿದವರು ಏನು ಹೇಳಿದರು ಎಂಬುದು ಸರಿಯಾದ ಅಳತೆ. ತನ್ನ ಮಾತನ್ನು ಒಬ್ಬರು ಕೇಳಿ ತಿದ್ದಿದ ಅನುಭವವಿಲ್ಲದ ಶಿಕ್ಷಕಿ ಮಕ್ಕಳ ತೊದಲುಮಾತನ್ನು ಕೇಳಿ ತಿದ್ದುವ ತಾಳ್ಮೆಯನ್ನು ಎಲ್ಲಿಂದ ಪಡೆಯಬೇಕು? ಶಿಕ್ಷಕರ ತರಬೇತಿಯಲ್ಲಿ ತಂತ್ರಜ್ಞಾನದ ಉಪಯುಕ್ತತೆ ಈ ಪ್ರಶ್ನೆಗೆ ಅದು ನೀಡುವ ಉತ್ತರದಿಂದಲೇ ನಿರ್ಧಾರವಾಗುತ್ತದೆ.